ಪದ್ಮಿನಿ ನಿಲ್ಲಬೇಕಾದರೆ

ಹಳೆಯ ಕಾರು ಕೊಂಡವರು ಮೊದಲು ದುಡ್ಡು ಸುರಿಯುವುದು ಪೇಂಟಿಗೆ. ಆಮೇಲೆ ಕ್ರೋಮ್ ಬಂಪರಿಗೆ, ಸೀಟಿಗೆ, ಎಂಜಿನ್ನಿಗೆ. ಬ್ರೇಕಿನ ಸರದಿ ಬರುವ ಹೊತ್ತಿಗೆ ಕೈ ಖಾಲಿಯಾಗಿರುತ್ತದೆ, ರ‍್ಯಾಲಿಯ ದಿನವೂ ಹತ್ತಿರ ಬಂದಿರುತ್ತದೆ. ‘ಸದ್ಯಕ್ಕೆ ಸೋರುತ್ತಿರುವ ಕಡೆ ಒಂದು ಕಿಟ್ ಹಾಕಿಸೋಣ’ ಎಂಬ ತೀರ್ಮಾನ ಆಗ ಹುಟ್ಟುತ್ತದೆ. ಈ ಕ್ರಮವೇ ತಲೆಕೆಳಗು. ಹಳೆಯ ಕಾರಿನಲ್ಲಿ ಬ್ರೇಕಿನ ಕೆಲಸ ಮೊದಲು ಆಗಬೇಕು, ಆದರೆ ಪೂರ್ತಿ ಆಗಬೇಕು. ಅರ್ಧ ಮಾಡಿದ ಬ್ರೇಕ್ ರಿಪೇರಿ ಎಷ್ಟೋ ಸಲ ರಿಪೇರಿಯನ್ನೇ ಮಾಡದಿರುವುದಕ್ಕಿಂತ ಅಪಾಯ. ಯಾಕೆಂದು ಇವತ್ತು ಬಿಡಿಸಿ ಹೇಳುತ್ತೇನೆ.

ನಮ್ಮ ಕಡೆ ಕ್ಲಾಸಿಕ್ ಕಾರು ಎಂದರೆ ಬಹುಪಾಲು ಎರಡೇ ಹೆಸರು. ಒಂದು, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದ ಫಿಯಟ್. 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ಬಂದು, ಮಧ್ಯೆ ಪ್ರೆಸಿಡೆಂಟ್ ಆಗಿ, 1974ರ ಸುಮಾರಿಗೆ ಪ್ರೀಮಿಯರ್ ಪದ್ಮಿನಿ ಎನಿಸಿಕೊಂಡದ್ದು. ಇನ್ನೊಂದು, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಹುಟ್ಟಿ, 2014ರವರೆಗೂ ತಯಾರಾಗುತ್ತಿದ್ದ ಅಂಬಾಸಡರ್. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗಳು ಹೋದವು, ಆದರೆ ‘ಅಪ್ಪನ ಗಾಡಿ’, ‘ತಾತನ ಗಾಡಿ’ ಎಂದು ಶೆಡ್ಡಿನಲ್ಲಿ ಉಳಿದ ಕಾರುಗಳು ಈಗ ಮತ್ತೆ ಬೀದಿಗಿಳಿಯುತ್ತಿವೆ, ಅದೂ ವರ್ಷಗಟ್ಟಲೆ ನಿಂತು ಎದ್ದ ಮೇಲೆ.

ಈ ಕಾರುಗಳ ಹಳೆಯ ಮಾದರಿಗಳಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ನಾಲ್ಕಕ್ಕೂ ಸೇರಿ ಒಂದೇ ಹೈಡ್ರಾಲಿಕ್ ಸರ್ಕ್ಯೂಟ್. ಈಗಿನ ಕಾರುಗಳಲ್ಲಿ ಸರ್ಕ್ಯೂಟು ಎರಡು ಪಾಲಾಗಿರುತ್ತದೆ. ಒಂದು ಕಡೆ ಸೋರಿದರೂ ಇನ್ನೊಂದು ಪಾಲು ಎರಡು ಚಕ್ರಗಳನ್ನಾದರೂ ಹಿಡಿಯುತ್ತದೆ. ಅಮೆರಿಕದಲ್ಲಿ 1968ರಿಂದಲೇ ಅದು ಕಡ್ಡಾಯವಾಯಿತು. ಹಳೆಯ ಫಿಯಟ್ಟಿಗೆ, ಅಂಬಾಸಡರಿಗೆ ಆ ಭಾಗ್ಯವಿಲ್ಲ. ಯಾವ ಮೂಲೆಯಲ್ಲಿ ಒಂದು ರಬ್ಬರ್ ಹರಿದರೂ ಪೆಡಲ್ ನೆಲ ಮುಟ್ಟುತ್ತದೆ, ನಾಲ್ಕೂ ಚಕ್ರ ಒಟ್ಟಿಗೆ ಕೈಬಿಡುತ್ತವೆ. ಉಳಿಯುವುದು ಹ್ಯಾಂಡ್‌ಬ್ರೇಕ್ ಮತ್ತು ಗೇರ್ ಮಾತ್ರ.

ಪೆಡಲ್ ತುಳಿದಾಗ ಒಳಗೆ ಏನಾಗುತ್ತದೆ ಎಂಬುದನ್ನು ಅಂಕಿಗಳಲ್ಲೇ ನೋಡೋಣ. ಕಾಲಿನಿಂದ 20 ಕಿಲೋ ಬಲ ಹಾಕಿದಿರಿ ಎನ್ನಿ. ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ ಬೀಳುವುದು 100 ಕಿಲೋ. ಆ ಪಿಸ್ಟನ್ನಿನ ಅಡ್ಡಳತೆ ಮುಕ್ಕಾಲು ಇಂಚು, ಅಂದರೆ 19 ಮಿಲಿಮೀಟರ್ ಇದ್ದರೆ, ಪೈಪಿನೊಳಗಿನ ದ್ರವದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ ಒತ್ತಡ ಹುಟ್ಟುತ್ತದೆ. ಕಾರಿನ ಟೈರಿನಲ್ಲಿ ನಾವು ತುಂಬಿಸುವ ಗಾಳಿಯ ಒತ್ತಡ ಇದೇ ಲೆಕ್ಕದಲ್ಲಿ ಎರಡು ಕಿಲೋ ಆಸುಪಾಸು. ದ್ರವದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಕೆಯಾಗುತ್ತದೆ ಎಂದು ಪ್ಯಾಸ್ಕಲ್ ಹದಿನೇಳನೇ ಶತಮಾನದಲ್ಲೇ ಹೇಳಿದ್ದ. ಆ ನಿಯಮದಂತೆ ಇದೇ 35 ಕಿಲೋ ಒಂದೊಂದು ವೀಲ್ ಸಿಲಿಂಡರಿಗೂ ತಲುಪುತ್ತದೆ. ವೀಲ್ ಸಿಲಿಂಡರಿನ ಪಿಸ್ಟನ್ 22 ಮಿಲಿಮೀಟರಿನದಾದರೆ ಒಂದೊಂದು ಬ್ರೇಕ್ ಶೂ ಮೇಲೆ 130 ಕಿಲೋಗೂ ಮೀರಿದ ತಳ್ಳು. ಎದುರಿಗೆ ಹಸು ಅಡ್ಡ ಬಂದಾಗ ಯಾರೂ 20 ಕಿಲೋ ತುಳಿದು ಸುಮ್ಮನಾಗುವುದಿಲ್ಲ. ಮೂರು ಪಟ್ಟು ತುಳಿಯುತ್ತಾರೆ. ಒತ್ತಡವೂ ಮೂರು ಪಟ್ಟಾಗುತ್ತದೆ. ಹಳೆಯ ಬ್ರೇಕುಗಳು ಕೈಕೊಡುವುದು ಹೆಚ್ಚಾಗಿ ಆ ಒಂದು ತುಳಿತದಲ್ಲೇ, ಸಾವಕಾಶವಾಗಿ ಓಡಿಸುವಾಗಲ್ಲ.

ದ್ರವದ ಮೂಲಕ ಬ್ರೇಕ್ ಹಿಡಿಸುವ ಈ ವ್ಯವಸ್ಥೆಯನ್ನು ರೂಪಿಸಿ ಪೇಟೆಂಟ್ ಪಡೆದವನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್. ಸಹೋದರ ಆ್ಯಲನ್ ಜೊತೆ ವಿಮಾನ ಕಟ್ಟುತ್ತಿದ್ದವನು. ಅದೇ ಹೆಸರು ಮುಂದೆ ವಿಮಾನ ಕಂಪನಿಯದ್ದಾಗಿ ಲೋಕಪ್ರಸಿದ್ಧವಾಯಿತು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಬಂತು. ಅದಕ್ಕೂ ಮುಂಚೆ ಸರಳು, ಕೇಬಲ್ಲುಗಳ ಕಾಲ. ಒಂದು ಕೇಬಲ್ ಸ್ವಲ್ಪ ಸಡಿಲವಾದರೂ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು. ದ್ರವ ಆ ತಾರತಮ್ಯವನ್ನು ತೆಗೆದುಹಾಕಿತು. ಆದರೆ ಬದಲಿಗೆ ಒಂದು ಷರತ್ತು ಹಾಕಿತು: ಒಳಗೆ ಗಾಳಿ ಇರಬಾರದು, ಕೊಳೆ ಇರಬಾರದು, ಎಲ್ಲೂ ಸೋರಬಾರದು.

ಅರ್ಧ ರಿಪೇರಿ ಯಾಕೆ ಅಪಾಯವೆಂಬುದು ಈಗ ಅರ್ಥವಾಗುತ್ತದೆ. ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಾಗ ತುಳಿದ ಒತ್ತಡ ಪೂರ್ತಿ ಏರುವುದಿಲ್ಲ. ಅದಕ್ಕೆ ಹೊಸ ಕಿಟ್ ಹಾಕಿದಿರಿ. ಪೆಡಲ್ ಗಟ್ಟಿಯಾಯಿತು, ಖುಷಿಯಾಯಿತು. ಈಗ ಪೂರ್ತಿ ಒತ್ತಡ ಹಳೆಯ ಹೋಸಿಗೆ, ತುಕ್ಕು ಹಿಡಿದ ಪೈಪಿಗೆ, ವೀಲ್ ಸಿಲಿಂಡರಿನ ಗಡಸಾದ ರಬ್ಬರ್ ಕಪ್ಪುಗಳಿಗೆ ಹೋಗಿ ಬಡಿಯುತ್ತದೆ. ಮುಂದೆ ಅವುಗಳಲ್ಲಿ ಯಾವುದು ಅತ್ಯಂತ ಸೊರಗಿದೆಯೋ ಅದು ಬಾಯಿ ಬಿಡುತ್ತದೆ, ಎಲ್ಲಿ ಯಾವಾಗ ಎಂದು ಹೇಳಿಕೇಳಿ ಬಿಡುವುದಿಲ್ಲ. ‘ಎರಡು ಸಲ ಪಂಪ್ ಮಾಡಿದ್ರೆ ಹಿಡಿಯುತ್ತೆ ಸಾರ್, ಏನೂ ತೊಂದ್ರೆ ಇಲ್ಲ’ ಎನ್ನುವ ಗಾಡಿಯನ್ನು ನಾನಂತೂ ಕಾಂಪೌಂಡು ದಾಟಿಸುವುದಿಲ್ಲ. ಎರಡನೇ ಸಲ ತುಳಿಯಲು ರಸ್ತೆ ಸಮಯ ಕೊಡಬೇಕಲ್ಲ!

ಕೆಲಸ ಶುರುವಾಗುವುದು ಡ್ರಮ್ ಕಳಚುವುದರಿಂದ. ಅಲ್ಲೇ ಮೊದಲ ಎಚ್ಚರಿಕೆಯೂ ಇದೆ. ಇದನ್ನು ನಾನು ಬ್ರೇಕಿಗಿಂತಲೂ ಮುಖ್ಯವೆಂದು ತಿಳಿದಿದ್ದೇನೆ.

ಡ್ರಮ್ ಹೊರಬಂದಾಗ ಒಳಗೆ ಬೂದುಬಣ್ಣದ, ಹಿಟ್ಟಿನಷ್ಟು ನಯವಾದ ಪುಡಿ ಕೂತಿರುತ್ತದೆ. ಶೂಗಳ ಮೇಲಿನ ಲೈನರ್ ಸವೆದು ಆದ ಪುಡಿ. ಆ ಕಾಲದ ಲೈನರುಗಳಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಸೇರಿಸುತ್ತಿದ್ದರು. ಬಿಸಿ ತಡೆಯುತ್ತದೆ, ಅಗ್ಗವೂ ಹೌದು ಎಂಬ ಕಾರಣಕ್ಕೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಖಚಿತವಾಗಿ ಹೇಳಿದೆ. ಶ್ವಾಸಕೋಶದ ಪೊರೆಗೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್, ಕಲ್ನಾರಿನ ಎಳೆ ಒಳಹೊಕ್ಕ ಇಪ್ಪತ್ತು, ನಲವತ್ತು ವರ್ಷಗಳ ಮೇಲೆ ಕಾಣಿಸಿಕೊಳ್ಳಬಹುದು. ಹೀಗಾಗಿಯೇ ಗ್ಯಾರೇಜಿನಲ್ಲಿ ಯಾರೂ ಕಾರಣವನ್ನೂ ಪರಿಣಾಮವನ್ನೂ ಒಟ್ಟಿಗೆ ಕಂಡವರಿಲ್ಲ. ಬ್ರಿಟನ್ 1999ರಲ್ಲೇ ಕಲ್ನಾರನ್ನು ನಿಷೇಧಿಸಿತು. ನಮ್ಮಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಮೊಕದ್ದಮೆಯಲ್ಲೇ ದುಡಿಯುವವನ ಆರೋಗ್ಯ ಮೂಲಭೂತ ಹಕ್ಕು ಎಂದು ತೀರ್ಪು ಕೊಟ್ಟಿತು. ಅಷ್ಟಾದರೂ ಡ್ರಮ್ ಬಿಚ್ಚಿದ ತಕ್ಷಣ ಕಂಪ್ರೆಸರಿನ ಗಾಳಿ ಹೊಡೆದು ಪುಡಿ ಹಾರಿಸುವ ಅಭ್ಯಾಸ ನಿಂತಿಲ್ಲ. ಅದರಲ್ಲೂ ಆ ಕೆಲಸ ಬೀಳುವುದು ಗ್ಯಾರೇಜಿನ ಅತಿ ಚಿಕ್ಕ ಹುಡುಗನ ಪಾಲಿಗೆ. ಒಂದೇ ಸಲಕ್ಕೆ ಪುಡಿ ಅವನ ಮುಖದ ಎತ್ತರಕ್ಕೆ ಏಳುತ್ತದೆ.

ಗಾಳಿ ಹೊಡೆಯಬಾರದು. ಒಣ ಬ್ರಷ್ಷಿನಿಂದ ಉಜ್ಜಬಾರದು. ಪೊರಕೆಯಲ್ಲಿ ಗುಡಿಸಬಾರದು. ಸೋಪಿನ ನೀರನ್ನು ಮೆಲ್ಲಗೆ ಚಿಮುಕಿಸಿ, ಪುಡಿ ಪೂರ್ತಿ ತೊಯ್ದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಒಣಗುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಬಿಡಬೇಕು. ಮೂಗಿಗೆ ಕರವಸ್ತ್ರ ಸಾಲದು, ಪಿ-100 ದರ್ಜೆಯ ಮಾಸ್ಕ್ ಬೇಕು. ಆ ದಿನ ಹಾಕಿದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಬಾರದು. ಹೊಸ ಲೈನರ್ ಕೊಳ್ಳುವಾಗ ಕಲ್ನಾರು ಇಲ್ಲದ್ದು ಎಂದು ಪ್ಯಾಕೆಟ್ಟಿನ ಮೇಲೆ ಅಚ್ಚಾದದ್ದನ್ನೇ ಕೇಳಿ ತೆಗೆದುಕೊಳ್ಳಿ. ಗಾಡಿಯ ಮಾಲೀಕರು ಪಕ್ಕದಲ್ಲಿ ನಿಂತು ಇಷ್ಟು ಹೇಳಿದರೆ ಯಾವ ಮೆಕ್ಯಾನಿಕ್ಕೂ ಬೇಡವೆನ್ನುವುದಿಲ್ಲ. ಸೋಪಿನ ನೀರಿಗೆ ಖರ್ಚಾದರೂ ಎಷ್ಟು!

ಮೈಸೂರಿನ ಗ್ಯಾರೇಜೊಂದರಲ್ಲಿ ಈಚೆಗೆ ಒಂದು ಪದ್ಮಿನಿಯ ಹಿಂದಿನ ಎಡ ಚಕ್ರದ ಸಿಲಿಂಡರ್ ಬಿಚ್ಚುವುದನ್ನು ನೋಡುತ್ತ ನಿಂತಿದ್ದೆ. ಹೆಬ್ಬೆರಳು ದಪ್ಪದ ಎರಕದ ಕೊಳವೆ ಅದು. ಎರಡೂ ತುದಿಗೆ ರಬ್ಬರ್ ಬೂಟ್. ಬೂಟ್ ಎಳೆದಾಗ ಕಾಫಿ ಚರಟದಂಥ ಕಂದು ನೀರು ಒಂದು ಚಮಚದಷ್ಟು ಇಳಿಯಿತು. ಹಿರಿಯ ಮೆಕ್ಯಾನಿಕ್ ಒಂದು ಪಿಸ್ಟನ್ನನ್ನು ಬೆರಳಲ್ಲೇ ತಳ್ಳಿದರು, ಸರಿಯಿತು. ಇನ್ನೊಂದು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಅಂದರೆ ಆ ಚಕ್ರದಲ್ಲಿ ಇಷ್ಟು ದಿನ ಒಂದೇ ಶೂ ಕೆಲಸ ಮಾಡುತ್ತಿತ್ತು. ಮರದ ತುಂಡಿನಿಂದ ತಟ್ಟಿ ತಟ್ಟಿ ಹೊರತೆಗೆದ ಮೇಲೆ ಕೊಳವೆಯ ಒಳಮೈಯನ್ನು ಬೆಳಕಿಗೆ ಹಿಡಿದರು. ಪಿಸ್ಟನ್ ನಿಂತಿದ್ದ ಜಾಗದಲ್ಲಿ ಉಂಗುರದಂತೆ ತುಕ್ಕಿನ ಕುಳಿಗಳ ಸಾಲು. ‘ಉಗುರು ಹಾಕಿ ನೋಡಿ ಸಾರ್’ ಎಂದರು. ಉಗುರು ಎಳೆದರೆ ಕುಳಿಯಲ್ಲಿ ತಡೆಯಿತು. ‘ಉಗುರು ಸಿಕ್ಕಿಕೊಂಡ್ರೆ ಎಮರಿ ಪೇಪರ್ ಹಾಕಿ ಪ್ರಯೋಜನ ಇಲ್ಲ, ಹೊಸದೇ ಹಾಕ್ಬೇಕು.’

ಪರೀಕ್ಷೆ ಅಷ್ಟೇ ಸರಳ. ಒಳಮೈಯಲ್ಲಿ ಬರೀ ಕಲೆ ಇದ್ದರೆ ನಯವಾದ ಹೋನಿಂಗ್ ಕಲ್ಲು ಆಡಿಸಿ ಹೊಳಪು ತರಿಸಬಹುದು. ಕುಳಿ ಬಿದ್ದಿದ್ದರೆ ಹೊಸ ಕಪ್ಪಿನ ಅಂಚು ಅದರ ಮೇಲೆ ಓಡಾಡಿ ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕುಳಿ ಹೋಗುವವರೆಗೂ ಉಜ್ಜಿದರೆ ಕೊಳವೆಯ ಅಗಲ ಹೆಚ್ಚಿ ಕಪ್ ಸಡಿಲವಾಗುತ್ತದೆ. ಹೊಸ ಸಿಲಿಂಡರ್ ಸಿಗದ ಅಪರೂಪದ ಗಾಡಿಗೆ ಮಾತ್ರ ಲೇತಿನಲ್ಲಿ ಕೊರೆಸಿ ಒಳಗೆ ಹಿತ್ತಾಳೆಯ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಕೂರಿಸುತ್ತಾರೆ. ಚೆನ್ನಾಗಿ ಮಾಡಿದ ಸ್ಲೀವಿಗೆ ತುಕ್ಕಿನ ಕಾಟವೇ ಇಲ್ಲ.

ಇನ್ನು ತೊಳೆಯುವ ವಿಚಾರ. ಗ್ಯಾರೇಜಿನಲ್ಲಿ ಯಾವ ಬಿಡಿಭಾಗವಾದರೂ ಬಿಚ್ಚಿದ ಕೂಡಲೇ ಹೋಗುವುದು ಪೆಟ್ರೋಲ್ ಅಥವಾ ಸೀಮೆಎಣ್ಣೆಯ ಟ್ರೇಗೆ. ಎಂಜಿನ್ನಿನ ಭಾಗಗಳಿಗೆ ಅದು ಸರಿ. ಬ್ರೇಕಿನ ಒಳಭಾಗಕ್ಕೆ ಅದು ವಿಷ. ಬ್ರೇಕಿನ ರಬ್ಬರ್ ಕಪ್ಪುಗಳು ಪೆಟ್ರೋಲಿಯಂ ಮೂಲದ ಯಾವ ಎಣ್ಣೆ ತಾಕಿದರೂ ಊದಿಕೊಳ್ಳುತ್ತವೆ. ಊದಿದ ಕಪ್ ಕೊಳವೆಯಲ್ಲಿ ಬಿಗಿಯಾಗಿ ಕೂತು ಪಿಸ್ಟನ್ ಹಿಂದೆ ಬರುವುದಿಲ್ಲ. ಶೂಗಳು ಡ್ರಮ್ಮಿಗೆ ಅಂಟಿಕೊಂಡೇ ಉಳಿದು ಚಕ್ರ ಸುಡತೊಡಗುತ್ತದೆ. ಯಾರೋ ತಿಳಿಯದೆ ಬ್ರೇಕ್ ಆಯಿಲ್ಲಿನ ಡಬ್ಬಿಗೆ ಎಂಜಿನ್ ಆಯಿಲ್ಲನ್ನೋ ಪವರ್ ಸ್ಟಿಯರಿಂಗ್ ಆಯಿಲ್ಲನ್ನೋ ಸುರಿದರೆ ಮಾಸ್ಟರ್ ಸಿಲಿಂಡರಿನಿಂದ ನಾಲ್ಕೂ ಚಕ್ರದವರೆಗಿನ ಪ್ರತಿಯೊಂದು ರಬ್ಬರನ್ನೂ ಎಸೆಯಬೇಕಾಗುತ್ತದೆ. ಹೋಸ್ ಪೈಪುಗಳೂ ಅದರಲ್ಲಿ ಸೇರಿದವು. ಲೋಹದ ಭಾಗಗಳ ಹೊರಮೈಯ ಜಿಡ್ಡನ್ನು ಬೇಕಾದರೆ ಡೀಸೆಲ್ಲಿನಲ್ಲಿ ತೊಳೆಯಿರಿ. ಆಮೇಲೆ ಸೋಪಿನ ನೀರು, ಕಡೆಗೆ ಸ್ಪಿರಿಟ್. ಒಳಮೈಗೆ ಐಸೋಪ್ರೊಪೈಲ್ ಆಲ್ಕೊಹಾಲ್ ಅಥವಾ ಹೊಸ ಬ್ರೇಕ್ ಆಯಿಲ್ ಬಿಟ್ಟು ಬೇರೇನೂ ಮುಟ್ಟಿಸಬಾರದು. ಒರೆಸಲು ಹತ್ತಿಯ ವೇಸ್ಟ್ ಬೇಡ. ಅದರ ಒಂದು ಎಳೆ ಕಪ್ಪಿನ ಅಂಚಿಗೆ ಸಿಕ್ಕಿದರೂ ಸೋರಿಕೆಗೆ ದಾರಿ. ನೂಲು ಬಿಡದ ಬಟ್ಟೆ ಬೇಕು, ಕೈ ಶುದ್ಧವಿರಬೇಕು. ಕಪ್ ಕೂರಿಸುವಾಗ ಬ್ರೇಕ್ ಆಯಿಲ್ಲಿನಲ್ಲೇ ಅದ್ದಿ, ಅಂಚು ಮಡಚದಂತೆ ಬೆರಳಿನಿಂದ ಒಳಗೆ ಸರಿಸಬೇಕು. ಸ್ಕ್ರೂಡ್ರೈವರ್ ಅದರ ಹತ್ತಿರಕ್ಕೂ ಬರಕೂಡದು.

ಕಿಟ್ ಕೊಳ್ಳುವಾಗ ಇನ್ನೊಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಹಳೆಯ ಗಾಡಿಗಳ ಬಿಡಿಭಾಗ ಇವತ್ತಿಗೂ ಸಿಗುತ್ತವೆ. ಮೂವತ್ತು ವರ್ಷದ ಹಿಂದಿನ ಕಂಪನಿ ಪ್ಯಾಕೆಟ್ ಮುರಿಯದೆ ಸಿಕ್ಕಿತೆಂದರೆ ಕೊಳ್ಳುವವರಿಗೆ ನಿಧಿ ಸಿಕ್ಕಷ್ಟು ಹಿಗ್ಗು. ಲೋಹದ ವಸ್ತುವಾದರೆ ನಿಜಕ್ಕೂ ನಿಧಿಯೇ. ರಬ್ಬರಾದರೆ ಅಲ್ಲ. ಪ್ಯಾಕೆಟ್ಟಿನೊಳಗೆ ಕೂತೇ ರಬ್ಬರಿಗೆ ವಯಸ್ಸಾಗಿರುತ್ತದೆ. ಬ್ರೇಕಿನ ಕಪ್ಪುಗಳು, ಹೋಸುಗಳು ಈಚೆಗೆ ತಯಾರಾದವೇ ಬೇಕು, ಹೆಸರು ಗುರುತಿಲ್ಲದ ಸಡಿಲ ಪೊಟ್ಟಣದವು ಬೇಡವೇ ಬೇಡ.

ಮಾಸ್ಟರ್ ಸಿಲಿಂಡರಿನಲ್ಲಿ ಮಿಕ್ಕೆಲ್ಲಕ್ಕಿಂತ ಗಮನ ಬೇಡುವುದು ಒಂದು ಸಣ್ಣ ತೂತು. ಡಬ್ಬಿಯಿಂದ ಸಿಲಿಂಡರಿಗೆ ಎರಡು ತೂತುಗಳಿರುತ್ತವೆ. ಒಂದು ದೊಡ್ಡದು, ಇನ್ನೊಂದು ಮಿಲಿಮೀಟರಿಗೂ ಕಿರಿದು. ಪೆಡಲ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದೆ ಸರಿದು ಈ ಕಿರಿದಾದ ತೂತು ತೆರೆದುಕೊಳ್ಳಬೇಕು. ಬ್ರೇಕು ಬಿಸಿಯಾದಾಗ ಹಿಗ್ಗುವ ದ್ರವ ಡಬ್ಬಿಗೆ ವಾಪಸು ಹೋಗಲು ಅದೊಂದೇ ದಾರಿ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಕೊಳೆ ಗಟ್ಟಿಯಾಗಿ ಆ ತೂತು ಮುಚ್ಚಿರುತ್ತದೆ. ಆಗ ಆಗುವ ತಮಾಷೆ ಎಷ್ಟೋ ಮೆಕ್ಯಾನಿಕ್ಕುಗಳ ತಲೆ ಕೆಡಿಸಿದೆ: ಗಾಡಿ ಬೆಳಗ್ಗೆ ಸರಿಯಾಗಿರುತ್ತದೆ, ಹತ್ತು ಕಿಲೋಮೀಟರ್ ಹೋದ ಮೇಲೆ ತಾನಾಗಿಯೇ ಬ್ರೇಕ್ ಹಿಡಿದುಕೊಳ್ಳುತ್ತದೆ, ಅರ್ಧ ಗಂಟೆ ತಣ್ಣಗಾದರೆ ಮತ್ತೆ ಸರಿ. ಚಕ್ರ ಬಿಚ್ಚಿ ನೋಡಿದರೆ ಅಲ್ಲಿ ಯಾವ ದೋಷವೂ ಇರುವುದಿಲ್ಲ. ತೂತನ್ನು ತೆಳ್ಳನೆಯ ತಂತಿಯಿಂದ ನಯವಾಗಿ ಬಿಡಿಸಬೇಕು. ಡ್ರಿಲ್ ಹಾಕಿ ದೊಡ್ಡದು ಮಾಡಿದರೆ ಕಪ್ಪಿನ ಅಂಚು ಅದರೊಳಗೆ ಇಳಿದು ಕತ್ತರಿಸಿಹೋಗುತ್ತದೆ. ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಉಂಟು. ಪೆಡಲಿನ ಸರಳಿಗೂ ಪಿಸ್ಟನ್ನಿಗೂ ನಡುವೆ ಚೂರು ಸಡಿಲ ಇರಬೇಕು. ಪೆಡಲನ್ನು ಬೆರಳಿನಿಂದ ಒತ್ತಿದರೆ ಆ ಆಟ ಗೊತ್ತಾಗುತ್ತದೆ. ಪೆಡಲ್ ಚೂಪಾಗಿ ಹಿಡಿಯಲಿ ಎಂದು ಆ ಸಡಿಲವನ್ನು ತೆಗೆದುಬಿಟ್ಟರೆ ಪಿಸ್ಟನ್ ಪೂರ್ತಿ ಹಿಂದೆ ಬರದೆ ತೂತು ಮುಚ್ಚಿದಂತೆಯೇ ಆಯಿತು.

ಹೋಸ್ ಪೈಪುಗಳ ಮೋಸ ಬೇರೆ ತರಹದ್ದು. ಹೊರಗೆ ಕಪ್ಪಗೆ ಮಿರುಗುತ್ತಿದ್ದರೂ ಒಳಗಿನ ಪದರ ಊದಿ ದಾರಿ ಕಟ್ಟಿರಬಹುದು. ಕಾಲಿನ ಬಲಕ್ಕೆ ದ್ರವ ನುಗ್ಗಿ ಹೋಗುತ್ತದೆ, ಆದರೆ ಸ್ಪ್ರಿಂಗಿನ ಸಣ್ಣ ಬಲಕ್ಕೆ ವಾಪಸು ಬರುವುದಿಲ್ಲ. ಒಂದೇ ಚಕ್ರ ಹಿಡಿದುಕೊಂಡು ಗಾಡಿ ಪಕ್ಕಕ್ಕೆ ಎಳೆಯುತ್ತಿದ್ದರೆ ಮೊದಲ ಅನುಮಾನ ಹೋಸಿನ ಮೇಲಿರಲಿ. ಮುಂದೆ ಎರಡು, ಹಿಂದಿನ ಆಕ್ಸಲಿಗೆ ಒಂದು; ಮೂರನ್ನೂ ನೋಡುವ ಗೊಡವೆಗೆ ಹೋಗದೆ ಬದಲಾಯಿಸಿಬಿಡುವುದು ಲೇಸು. ಉಕ್ಕಿನ ಪೈಪುಗಳು ಕ್ಲಿಪ್ಪಿನ ಅಡಿಯಲ್ಲಿ, ಕೆಸರು ನಿಲ್ಲುವಲ್ಲಿ ತಿನ್ನಿಸಿಕೊಂಡಿರುತ್ತವೆ. ಕರಾವಳಿಯ ಗಾಡಿಗಳಲ್ಲಿ ಇದು ಇನ್ನೂ ಬೇಗ. ಬದಲಿಗೆ ತಾಮ್ರ ನಿಕಲ್ ಮಿಶ್ರಲೋಹದ ಪೈಪು ಸಿಕ್ಕರೆ ಉತ್ತಮ, ತುಕ್ಕು ಹಿಡಿಯುವುದಿಲ್ಲ, ಬಾಗಿಸುವುದೂ ಸುಲಭ. ಬರೀ ತಾಮ್ರದ ಪೈಪು ಅದುರಿ ಅದುರಿ ಗಡಸಾಗಿ ಬಿರುಕು ಬಿಡುತ್ತದೆ. ಫ್ರಿಜ್ಜಿನ ಪೈಪು ತಂದು ಹಾಕುವ ಜಾಣತನ ಬೇಡ.

ಡ್ರಮ್ಮನ್ನು ಲೇತಿಗೆ ಕೊಡುವ ಮುನ್ನ ಅಳೆಯಬೇಕು. ಸವೆದು ಗೀರು ಬಿದ್ದ ಡ್ರಮ್ಮನ್ನು ಟರ್ನಿಂಗ್ ಮಾಡಿಸುವುದು ಸರಿಯೇ, ಆದರೆ ಅದಕ್ಕೆ ಮಿತಿಯಿದೆ. ತೀರಾ ತೆಳುವಾದರೆ ಡ್ರಮ್ಮು ಬಿಸಿಯನ್ನು ಹೀರಲಾರದು, ಶೂ ಒತ್ತಿದಾಗ ಬಾಗುತ್ತದೆ. ಒಂದು ಪಕ್ಕದ್ದಕ್ಕೆ ಟರ್ನಿಂಗ್ ಮಾಡಿಸಿದರೆ ಅದೇ ಆಕ್ಸಲಿನ ಇನ್ನೊಂದಕ್ಕೂ ಅಷ್ಟೇ ಅಳತೆಗೆ ಮಾಡಿಸಬೇಕು, ಇಲ್ಲದಿದ್ದರೆ ಗಾಡಿ ಎಳೆಯುತ್ತದೆ. ಬಹಳ ಜನ ಮರೆಯುವ ವಿಷಯ ಇನ್ನೊಂದು: ಡ್ರಮ್ಮಿನ ಒಳಸುತ್ತು ದೊಡ್ಡದಾದ ಮೇಲೆ ಹೊಸ ಲೈನರಿನ ಬಾಗು ಅದಕ್ಕೆ ಹೊಂದುವುದಿಲ್ಲ. ಶೂ ನಡುಮಧ್ಯೆ ಮಾತ್ರ ತಾಕುತ್ತದೆ, ಎರಡು ತುದಿ ಖಾಲಿ. ಲೈನರ್ ಹೊಡೆಯುವವರ ಹತ್ತಿರ ಡ್ರಮ್ಮನ್ನೂ ಒಯ್ದು ಅದರ ಸುತ್ತಿಗೆ ತಕ್ಕಂತೆ ಉಜ್ಜಿಸಿಕೊಳ್ಳಬೇಕು. ಆಕ್ಸಲಿನ ಸೀಲ್ ಸೋರಿ ಗೇರ್ ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಮತ್ತೆ ಹಾಕುವುದನ್ನು ನೋಡಿದ್ದೇನೆ. ಬಿಸಿಯಾದಾಗ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಸೀಲ್ ಹೊಸದು ಹಾಕಿ, ಲೈನರೂ ಹೊಸದೇ ಹಾಕಿ. ಸ್ಪ್ರಿಂಗುಗಳ ಕೊಕ್ಕೆ ಯಾವ ತೂತಿಗೆ, ಯಾವ ಮುಖಕ್ಕೆ ಎಂಬುದು ಬಿಚ್ಚಿದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಒಂದು ಪಕ್ಕ ಮುಗಿಯುವವರೆಗೆ ಇನ್ನೊಂದು ಪಕ್ಕವನ್ನು ಮುಟ್ಟದಿರುವುದು ಹಳೆಯ ಮೆಕ್ಯಾನಿಕ್ಕುಗಳ ಪದ್ಧತಿ. ಈಗ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುವ ಅನುಕೂಲವೂ ಇದೆ.

ಬ್ರೇಕ್ ಆಯಿಲ್ಲಿನ ಬಗ್ಗೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಮೊದಲ ಕಾಲದಲ್ಲಿ ಹರಳೆಣ್ಣೆಗೆ ಆಲ್ಕೊಹಾಲ್ ಬೆರೆಸಿ ಬಳಸುತ್ತಿದ್ದರು. ಹರಳೆಣ್ಣೆ ರಬ್ಬರಿಗೆ ಹಾನಿ ಮಾಡುವುದಿಲ್ಲ; ಕಪ್ಪುಗಳಿಗೆ ಸವರುವ ಕೆಂಪು ರಬ್ಬರ್ ಗ್ರೀಸಿನಲ್ಲಿ ಇಂದಿಗೂ ಅದೇ ಮೂಲದ ಎಣ್ಣೆಯನ್ನು ಬಳಸುತ್ತಾರೆ. ಈಗಿನ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಜಾತಿಯವು. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನಂತೆ ಇವು ಗಾಳಿಯ ತೇವವನ್ನು ಎಳೆದುಕೊಳ್ಳುತ್ತವೆ. ಹೊಸ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ದ್ರವ ಶೇ. 3.7ರಷ್ಟು ನೀರು ಕುಡಿದಾಗ ಆ ಕನಿಷ್ಠ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ ಈ ಅಂಕಿಗಳು 230 ಮತ್ತು 155. ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು. ಕಾಲು ಆಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ.

ಘಾಟಿ ಇಳಿಯುವವರು ಈ ಅಂಕಿಗಳನ್ನು ನೆನಪಿಡಬೇಕು. ಒಂದು ಟನ್ನಿನ ಕಾರನ್ನು ಗಂಟೆಗೆ 60 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸಿದಾಗ ಡ್ರಮ್ಮುಗಳಲ್ಲಿ ಹುಟ್ಟುವ ಬಿಸಿ ಎರಡು ಲೋಟ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅದೇ ಕಾರು 500 ಮೀಟರ್ ಎತ್ತರದ ಘಾಟಿಯನ್ನು ಬರೀ ಬ್ರೇಕಿನ ಮೇಲೆ ಇಳಿದರೆ ಹುಟ್ಟುವ ಬಿಸಿ ಅಂಥ 35 ನಿಲುಗಡೆಗಳಷ್ಟು, ಅದೂ ತಣ್ಣಗಾಗಲು ಬಿಡುವಿಲ್ಲದೆ. ಡ್ರಮ್ಮು ಬಿಸಿಗೆ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತ ಕುಗ್ಗುತ್ತದೆ, ತೇವ ಕುಡಿದ ದ್ರವ ಕುದಿಯುತ್ತದೆ. ಮೂರೂ ಒಟ್ಟಿಗೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಹತ್ತಿದ ಗೇರಿನಲ್ಲೇ ಇಳಿಯಬೇಕೆಂದು ಹಿರಿಯ ಡ್ರೈವರುಗಳು ಹೇಳುತ್ತಿದ್ದದ್ದು ಇದಕ್ಕೇ. ಎಂಜಿನ್ ತಡೆದಷ್ಟೂ ಡ್ರಮ್ಮಿನ ಪಾಲು ಕಡಿಮೆ. ಮಲೆನಾಡಿನ ಗಾಡಿಗೆ ಇನ್ನೂ ಒಂದು ಮಾತು ಸೇರಿಸುತ್ತೇನೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನಷ್ಟು ಮಳೆ ಕಾಣುವ ಆಗುಂಬೆಯಂಥ ಊರಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಲು ಎರಡು ವರ್ಷ ಕಾಯಬೇಡಿ, ಪ್ರತಿ ಮಳೆಗಾಲ ಮುಗಿದ ಮೇಲೆ ಬದಲಾಯಿಸಿ. ಅರ್ಧ ಉಳಿದ ಬಾಟಲಿಯನ್ನು ಶೆಲ್ಫಿನಲ್ಲಿ ಕಾಪಾಡಿಡಬೇಡಿ. ಅದೂ ತೇವ ಕುಡಿದಿರುತ್ತದೆ.

ಸಿಲಿಕೋನಿನ ಡಾಟ್ 5 ತೇವ ಹೀರುವುದಿಲ್ಲ, ಪೇಂಟನ್ನೂ ಕೆಡಿಸುವುದಿಲ್ಲ. ವರ್ಷವಿಡೀ ನಿಂತು ಪ್ರದರ್ಶನಕ್ಕೆ ಮಾತ್ರ ಹೊರಡುವ ಗಾಡಿಗಳಿಗೆ, ಧರ್ಮಸ್ಥಳದ ಸಂಗ್ರಹದಲ್ಲಿರುವಂಥ ಹಳೆಯ ಕಾರುಗಳಿಗೆ ಇದು ಯೋಚಿಸಬೇಕಾದ ಆಯ್ಕೆ. ಆದರೆ ಅದು ಗ್ಲೈಕಾಲ್ ಜೊತೆ ಬೆರೆಯುವುದಿಲ್ಲ. ಪ್ರತಿ ಪೈಪು ತೊಳೆದು ಒಣಗಿಸಿ, ಪ್ರತಿ ರಬ್ಬರು ಹೊಸದು ಹಾಕಿದಾಗ ಮಾತ್ರ ಅದಕ್ಕೆ ಬದಲಾಗಬಹುದು. ದಿನವೂ ಓಡುವ ಪದ್ಮಿನಿಗೆ ಡಾಟ್ 4 ಸಾಕು.

ಕೊನೆಗೆ ಬರುವುದು ಗಾಳಿ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರು ಮಾಡಿ ಹತ್ತಿರದ್ದಕ್ಕೆ ಬರುವುದು ರೂಢಿ. ಬಲಗಡೆ ಸ್ಟಿಯರಿಂಗಿನ ನಮ್ಮ ಗಾಡಿಗಳಲ್ಲಿ ಹೆಚ್ಚಾಗಿ ಹಿಂದಿನ ಎಡ ಚಕ್ರವೇ ಮೊದಲು. ಬ್ಲೀಡರ್ ನಿಪ್ಪಲಿಗೆ ಪಾರದರ್ಶಕ ಟ್ಯೂಬು, ಟ್ಯೂಬಿನ ತುದಿ ಗಾಜಿನ ಬಾಟಲಿಯ ದ್ರವದಲ್ಲಿ ಮುಳುಗಿರಬೇಕು. ಗಾಡಿಯೊಳಗೆ ಒಬ್ಬ, ಚಕ್ರದ ಬಳಿ ಒಬ್ಬ. ‘ತುಳಿ... ಹಿಡ್ಕೋ... ಬಿಡಬೇಡ ಕಣೋ, ಹಿಡ್ಕೋ... ಹ್ಞಾಂ, ಈಗ ಬಿಡು.’ ನಿಪ್ಪಲ್ ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೊರಹೋದ ಗಾಳಿ ಮತ್ತೆ ಒಳಗೆ. ದಡಬಡ ತುಳಿದರೆ ಗುಳ್ಳೆಗಳು ನುಣ್ಣಗೆ ಒಡೆದು ನೊರೆಯಾಗಿ ದ್ರವದಲ್ಲೇ ಉಳಿಯುತ್ತವೆ, ಆದ್ದರಿಂದ ನಿಧಾನಕ್ಕೆ. ಮಧ್ಯೆ ಡಬ್ಬಿ ಖಾಲಿಯಾಗಲು ಬಿಟ್ಟರೆ ಅಷ್ಟೂ ಕೆಲಸ ಮೊದಲಿನಿಂದ. ಬಾಟಲಿಗೆ ಬಂದ ದ್ರವವನ್ನು ಮತ್ತೆ ಡಬ್ಬಿಗೆ ಹಾಕಬಾರದು. ಪೇಂಟಿನ ಮೇಲೆ ಒಂದು ಹನಿ ಬಿದ್ದರೂ ಉಜ್ಜದೆ ತಕ್ಷಣ ನೀರು ಸುರಿಯಬೇಕು. ಲಕ್ಷ ರೂಪಾಯಿಯ ಪೇಂಟನ್ನು ಗ್ಲೈಕಾಲ್ ಸುಲಿದುಹಾಕುತ್ತದೆ. ಬ್ರೇಕಿನ ಕೆಲಸ ಪೇಂಟಿಗಿಂತ ಮುಂಚೆ ಆಗಬೇಕು ಎನ್ನಲು ಇದೂ ಒಂದು ಕಾರಣ.

ಪೆಡಲ್ ಗಟ್ಟಿಯಾದ ಮೇಲೆ ಪೂರ್ತಿ ಬಲ ಹಾಕಿ ಒಂದು ನಿಮಿಷ ಒತ್ತಿ ಹಿಡಿಯಿರಿ. ಚೂರುಚೂರೇ ಕೆಳಗೆ ಇಳಿದರೆ ಎಲ್ಲೋ ಸೋರುತ್ತಿದೆ. ಇನ್ನೊಬ್ಬರು ಟಾರ್ಚು ಹಿಡಿದು ಪ್ರತಿ ಜೋಡಣೆಯನ್ನೂ ನೋಡಲಿ. ನಾಲ್ಕೂ ಚಕ್ರವನ್ನು ಜಾಕಿಯ ಮೇಲೆ ಕೈಯಲ್ಲಿ ತಿರುಗಿಸಿ ಸಲೀಸಾಗಿ ಸುತ್ತುತ್ತವೆಯೇ ಪರೀಕ್ಷಿಸಿ. ಖಾಲಿ ರಸ್ತೆಯಲ್ಲಿ ಮೆಲ್ಲಗೆ ಐದಾರು ಕಿಲೋಮೀಟರ್ ಓಡಿಸಿ ಬಂದು ಪ್ರತಿ ಡ್ರಮ್ಮಿನ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಒಂದು ಮಾತ್ರ ಹೆಚ್ಚು ಬಿಸಿ ಎನಿಸಿದರೆ ಆ ಚಕ್ರ ಹಿಡಿದುಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ಅದು ಕೆಲಸವನ್ನೇ ಮಾಡುತ್ತಿಲ್ಲ.

ಒಂದೇ ಸರ್ಕ್ಯೂಟಿನ ಗಾಡಿಗೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಹಾಕಿಸಬಹುದೇ ಎಂದು ಕೇಳುವವರಿದ್ದಾರೆ. ಮಕ್ಕಳನ್ನು ಕೂರಿಸಿಕೊಂಡು ಊರಿಂದೂರಿಗೆ ಓಡಿಸುವ ಕಾರಾದರೆ ಹಾಕಿಸಿ ಎಂದೇ ನನ್ನ ಸಲಹೆ. ಸಿಲಿಂಡರಿನ ಅಳತೆ, ಪೈಪಿನ ದಾರಿ ಬಲ್ಲವರೇ ಮಾಡಬೇಕು. ಅಳತೆ ತಪ್ಪಿದರೆ ಪೆಡಲ್ ಕಲ್ಲಾಗುತ್ತದೆ ಅಥವಾ ಆಳಕ್ಕೆ ಹೋಗುತ್ತದೆ. ಬೇಡವಾದ ದಿನ ಬಿಚ್ಚಿ ಹಳೆಯದನ್ನು ಕೂರಿಸುವಂತೆ ಮೂಲ ಭಾಗಗಳನ್ನು ಜೋಪಾನವಾಗಿಡಿ. 50 ವರ್ಷ ದಾಟಿದ ಗಾಡಿಯನ್ನು 2021ರ ಕೇಂದ್ರ ನಿಯಮದಡಿ ವಿಂಟೇಜ್ ಎಂದು ನೋಂದಾಯಿಸುವವರು ಮಾತ್ರ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಿರಿ, ಏಕೆಂದರೆ ಆ ನಿಯಮ ಗಾಡಿಯ ಮೂಲ ಸ್ವರೂಪ ಉಳಿದಿರಬೇಕೆಂದು ಕೇಳುತ್ತದೆ. ಅಂಥ ಗಾಡಿಯನ್ನು ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ರ‍್ಯಾಲಿಗೆ, ಪ್ರದರ್ಶನಕ್ಕೆ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಹೊರತೆಗೆಯಬಹುದು. ಮೂಲ ಸಿಲಿಂಡರನ್ನೇ ಉಳಿಸಿಕೊಂಡವರು ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನೂ ಇದೇ ಸಲ ಹೊಸದು ಹಾಕಿಸಿಕೊಳ್ಳಿ. ಹೊಸ ಲೈನರುಗಳು ಡ್ರಮ್ಮಿಗೆ ಹೊಂದಿಕೊಳ್ಳಲು ಕೆಲವು ನೂರು ಕಿಲೋಮೀಟರ್ ಹಿಡಿಯುತ್ತದೆ. ಅಲ್ಲಿಗೆ ಶೂಗಳನ್ನು ಮತ್ತೊಮ್ಮೆ ಅಡ್ಜಸ್ಟ್ ಮಾಡಿಸಿ, ಡಬ್ಬಿಯ ಮಟ್ಟ ನೋಡಿ, ನಾಲ್ಕು ಚಕ್ರದ ಒಳಮಗ್ಗುಲಲ್ಲಿ ಎಲ್ಲಾದರೂ ತೇವ ಕಾಣುತ್ತದೆಯೇ ಎಂದು ಬಗ್ಗಿ ನೋಡಿ. ಘಾಟಿಯ ಪ್ರಯಾಣ ಅದಾದ ಮೇಲೆ ಇಟ್ಟುಕೊಳ್ಳಿ.